ಸ್ಪೋರ್ಟ್ಸ್ ಕಾರಿನ ಕನಸಿರುವ ನಮ್ಮ ಕಡೆಯ ಹುಡುಗರಿಗೆ: ಮೊದಲು ಟೈರ್ ನೋಡಿ

ಈ ಸಲ ಜುಲೈಯಲ್ಲಿ ರಜಕ್ಕೆ ತುಮಕೂರಿಗೆ ಬಂದಿದ್ದೇನೆ. ಮೊನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದಾಗ ಅಕ್ಕನ ಮಗ ಮೊಬೈಲ್ ನನ್ನ ಮುಂದೆ ಹಿಡಿದ. ಕೆಂಪು ಬಣ್ಣದ ಟೊಯೋಟಾ ಜಿಆರ್ 86. "ಮಾವ, ಹೋಗಿ ಮೂರೇ ತಿಂಗಳಿಗೆ ಇದನ್ನ ತಗೋತೀನಿ" ಅಂದ. ಸೆಪ್ಟೆಂಬರಿಗೆ ಅವನು ಕೆನಡಾದ ವಾಟರ್‌ಲೂಗೆ ಕೆಲಸಕ್ಕೆ ಹೊರಟಿದ್ದಾನೆ. ಜೊತೆಗೆ ಕೋಲಾರದ ಹುಡುಗ ಒಬ್ಬ, ಚಿಂತಾಮಣಿಯವನು ಇನ್ನೊಬ್ಬ. ಕಾರು ಚೆನ್ನಾಗಿದೆ, ಟೈರ್ ಯಾವುದು ಅಂತ ಕೇಳಿದೆ. "ಹೊಸದೇ ಅಂತೆ ಮಾವ" ಅಂದ.

ಹೊಸದೋ ಹಳೆಯದೋ ಅನ್ನುವುದು ಆಮೇಲಿನ ಮಾತು. ಬೇಸಿಗೆಯದೋ ಚಳಿಗಾಲದ್ದೋ ಅನ್ನುವುದೇ ಮೊದಲ ಪ್ರಶ್ನೆ. ನಮ್ಮೂರಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಏಪ್ರಿಲ್‌ನಲ್ಲಿ ಓಡಿದ ಟೈರೇ ಡಿಸೆಂಬರ್‌ನಲ್ಲೂ ಓಡುತ್ತದೆ. ಒಂದು ಪಂಕ್ಚರ್ ಅಂಗಡಿ, ಒಂದು ಸ್ಟೆಪ್ನಿ, ಅಷ್ಟಕ್ಕೇ ನಮ್ಮ ಲೆಕ್ಕ ಮುಗಿಯುತ್ತದೆ. ಅಲ್ಲಿ ಹಾಗಲ್ಲ.

ನನಗೆ ಇದು ಅರ್ಥವಾಗಿದ್ದು ವಾಟರ್‌ಲೂ ಇರುವ ಒಂಟಾರಿಯೋ ಪ್ರಾಂತ್ಯದ ನನ್ನ ಎರಡನೇ ವರ್ಷದಲ್ಲಿ. ಆಗಸ್ಟಿನಲ್ಲಿ ಎರಡು ಬಾಗಿಲಿನ, ಹಿಂದಿನ ಚಕ್ರಕ್ಕೆ ಪವರ್ ಹೋಗುವ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಅಗಲವಾದ ಟೈರುಗಳು. ಮಾರಿದವರು "ಟೈರ್ ಸೂಪರ್" ಅಂದಿದ್ದರು, ನಿಜವಾಗಿಯೂ ಬೇಸಿಗೆಯಲ್ಲಿ ರಸ್ತೆಗೆ ಅಂಟಿಕೊಂಡೇ ಹೋಗುತ್ತಿತ್ತು. ನವೆಂಬರ್ ಮಧ್ಯದ ಒಂದು ಬೆಳಗ್ಗೆ, ಹಿಮ ಇಲ್ಲ, ಮಳೆಯೂ ಇಲ್ಲ, ಒಣ ರಸ್ತೆ. ಮೀಟರಿನಲ್ಲಿ 2 ಡಿಗ್ರಿ ಅಂತ ತೋರಿಸುತ್ತಿತ್ತು. ಹೆದ್ದಾರಿಗೆ ಹತ್ತುವ ತಿರುವಿನಲ್ಲಿ ದಿನಾ ಒತ್ತುವಷ್ಟೇ ಆಕ್ಸಿಲರೇಟರ್ ಒತ್ತಿದೆ. ಹಿಂಭಾಗ ಸರಕ್ಕನೆ ಜಾರಿತು. ಕಾರು ಪೂರ್ತಿ ಒಂದು ಸುತ್ತು ತಿರುಗಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಇಳಿದು ಟೈರ್ ಮುಟ್ಟಿ ನೋಡಿದೆ. ಉಗುರು ಒತ್ತಿದರೆ ಒಂಚೂರೂ ತಗ್ಗಲಿಲ್ಲ. ಪ್ಲಾಸ್ಟಿಕ್ ಮುಟ್ಟಿದ ಹಾಗಿತ್ತು.

ಬಿಸಿ ಮುದ್ದೆ ಹೇಗೆ ಮೆತ್ತಗಿರುತ್ತೆ, ಆರಿದರೆ ಹೇಗೆ ಗಟ್ಟಿಯಾಗುತ್ತೆ, ನಿಮಗೆ ಹೇಳಬೇಕಿಲ್ಲ. ಬೇಸಿಗೆ ಟೈರಿನ ರಬ್ಬರೂ ಹಾಗೇ. ಸುಮಾರು 7 ಡಿಗ್ರಿಗಿಂತ ಕೆಳಗೆ ಅದು ಬಿಗಿಯುತ್ತಾ ಹೋಗುತ್ತದೆ, ಹಿಡಿತ ಬಿಡುತ್ತದೆ. ಹಿಮ ಬೀಳುವವರೆಗೆ ಕಾಯೋಣ ಅಂತ ಎಲ್ಲ ಹೊಸಬರೂ ಅಂದುಕೊಳ್ಳುತ್ತಾರೆ. ನೀವು ನೋಡಬೇಕಾದ್ದು ಆಕಾಶವನ್ನಲ್ಲ, ಥರ್ಮಾಮೀಟರನ್ನು. ಇನ್ನೂ ಒಂದು ವಿಷಯ: ಕೆಲವು ಸ್ಪೋರ್ಟ್ಸ್ ಕಾರುಗಳ ಬೇಸಿಗೆ ಟೈರುಗಳು ಮೈನಸ್ 7ಕ್ಕಿಂತ ಕೆಳಗೆ ಬಿರುಕು ಬಿಡಬಹುದು ಎಂದು ಕಾರಿನ ಕೈಪಿಡಿಯಲ್ಲೇ ಎಚ್ಚರಿಕೆ ಇರುತ್ತದೆ. ಹಾಗಾಗಿ ಜನವರಿಯಲ್ಲಿ ಹೊರಗೆ ನಿಲ್ಲಿಸಿದ್ದ ಕಾರನ್ನು ಸುಮ್ನೆ ಎರಡು ಹೆಜ್ಜೆ ಹಿಂದೆ ತೆಗೆಯುವುದೂ ಒಳ್ಳೆಯದಲ್ಲ.

ಚಳಿಗಾಲದ ಟೈರಿನ ರಬ್ಬರು ಬೇರೆ. ಮೈನಸ್ 20ರಲ್ಲೂ ಮೆತ್ತಗೇ ಇರುವ ಹಾಗೆ ಮಾಡಿರುತ್ತಾರೆ. ಮೈಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ, ಅವು ಬಾಯಿ ಬಿಟ್ಟು ಮಂಜುಗಡ್ಡೆಯನ್ನು ಕಚ್ಚುತ್ತವೆ. ಅಗಲವಾದ ಸಂದುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ತುಂಬಿಕೊಂಡ ಹಿಮವೇ ರಸ್ತೆಯ ಹಿಮವನ್ನು ಹಿಡಿಯುತ್ತದೆ. ಆದರೆ ಇದೇ ಟೈರ್ ಜುಲೈ ಬಿಸಿಲಲ್ಲಿ ಬೇಗ ಸವೆಯುತ್ತದೆ, ತಿರುವಿನಲ್ಲಿ ಮೆತ್ತಮೆತ್ತಗೆ ಅನ್ನಿಸುತ್ತದೆ, ಬ್ರೇಕ್ ಹಾಕಿದರೆ ಕಾರು ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ. ವರ್ಷವಿಡೀ ಅದನ್ನೇ ಓಡಿಸುವ ಯೋಚನೆ ಬೇಡ.

ಇನ್ನು ಆಲ್ ಸೀಸನ್. ಹೆಸರು ಕೇಳಿ ನಮ್ಮವರು ಬೇಗ ನಂಬುತ್ತಾರೆ, ಎಲ್ಲ ಕಾಲಕ್ಕೂ ಆಗುತ್ತೆ ಅಂತ ಅದರ ಮೇಲೇ ಬರೆದಿದೆ ಅಲ್ವಾ! ಟೈರಿನ ಪಕ್ಕದಲ್ಲಿ ಎಂ+ಎಸ್ ಅಂತ ಇರುತ್ತದೆ, ಮಣ್ಣು ಮತ್ತು ಹಿಮ ಎಂದು ಅರ್ಥ. ಆದರೆ ಅದು ಟ್ರೆಡ್ಡಿನ (ರಸ್ತೆಗೆ ತಾಗುವ ಮೈಯ) ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು, ಹಿಮದ ಮೇಲೆ ಪರೀಕ್ಷೆ ಮಾಡಿ ಕೊಟ್ಟಿದ್ದಲ್ಲ. ಪರೀಕ್ಷೆಯಲ್ಲಿ ಗೆದ್ದ ಟೈರಿಗೆ ಬೇರೆ ಗುರುತಿದೆ: ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು. ಕಾರು ನೋಡಲು ಹೋದಾಗ ಮೊಬೈಲ್ ಟಾರ್ಚ್ ಹಾಕಿ, ಬಗ್ಗಿ ಈ ಗುರುತು ಹುಡುಕಿ. ಅಲ್ಲೇ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯನ್ನೂ ಓದಿ. 3523 ಅಂತ ಇದ್ದರೆ 2023ರ 35ನೇ ವಾರದಲ್ಲಿ ಮಾಡಿದ ಟೈರ್. ನಾಲ್ಕೂ ಟೈರಿನದ್ದು ನೋಡಿ, ಒಂದೇ ನೋಡಿ ಎದ್ದು ಬರಬೇಡಿ.

ಬೆಟ್ಟದ ಗುರುತಿರುವ, ವರ್ಷವಿಡೀ ಹಾಕಬಹುದಾದ ಟೈರುಗಳೂ ಇವೆ, ಅವನ್ನು ಆಲ್ ವೆದರ್ ಅನ್ನುತ್ತಾರೆ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಅಂಥದ್ದು. ಮನೆಯವರ ಸೆಡಾನ್‌ಗೆ ನಾನೇ ಅದನ್ನು ಹಾಕಿಸಿದ್ದೇನೆ, ಸಂತೋಷವಾಗಿದ್ದೇನೆ. ಸ್ಪೋರ್ಟ್ಸ್ ಕಾರಿಗೆ ಮಾತ್ರ ಅದನ್ನು ಹೇಳುವುದಿಲ್ಲ. ಆ ಕಾರನ್ನು ಯಾವ ಖುಷಿಗೆ ಕೊಂಡಿರೋ ಆ ಖುಷಿಯೇ ಅರ್ಧ ಹೋಗುತ್ತದೆ.

ಹಾಗಾದರೆ ಯಾರು ಏನು ಹಾಕಬೇಕು? ಹಿಮ ಅಪರೂಪವಾದ ಡಲ್ಲಾಸ್‌ಗೋ ಸ್ಯಾನ್ ಹೊಸೆಗೋ ಹೋಗುವವರು ಒಳ್ಳೆಯ ಸ್ಪೋರ್ಟ್ಸ್ ಆಲ್ ಸೀಸನ್ ಹಾಕಿ ನೆಮ್ಮದಿಯಾಗಿರಿ. ಕಾಂಟಿನೆಂಟಲ್‌ನ ಡಿಡಬ್ಲ್ಯುಎಸ್ 06 ಪ್ಲಸ್ ಎಂಬ ಟೈರಿನಲ್ಲಿ ಆ ಮೂರು ಅಕ್ಷರಗಳನ್ನು ಟ್ರೆಡ್ಡಿನಲ್ಲೇ ಕೆತ್ತಿರುತ್ತಾರೆ. ಎಸ್ (ಸ್ನೋ, ಅಂದರೆ ಹಿಮ) ಅಕ್ಷರ ಸವೆದು ಹೋದರೆ ಹಿಮಕ್ಕೆ ಆಗಲ್ಲ ಅಂತ ಅರ್ಥ. ಒಂಟಾರಿಯೋ, ಕ್ವಿಬೆಕ್, ಮಿಶಿಗನ್ ಕಡೆ ಬರುವವರು ಎರಡು ಸೆಟ್ ಇಡಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ: ಬೇಸಿಗೆಗೆ ಒಂದು, ಚಳಿಗೆ ಒಂದು. ಕಾರಿನ ಬಜೆಟ್ ಹಾಕುವಾಗಲೇ ಎರಡನೇ ಸೆಟ್ಟಿನ ದುಡ್ಡು ಎತ್ತಿಡಿ. ಅದಕ್ಕೆ ದುಡ್ಡು ಸಾಲದಿದ್ದರೆ ಆ ಕಾರಿಗೆ ಇನ್ನೊಂದು ವರ್ಷ ಕಾಯಿರಿ. ಎರಡು ಸೆಟ್ ಅಂದರೆ ದುಡ್ಡು ದಂಡ ಅನ್ನಿಸಬಹುದು. ಒಂದು ಓಡುವಾಗ ಇನ್ನೊಂದು ಮೂಲೆಯಲ್ಲಿ ಸವೆಯದೆ ಇರುತ್ತದೆ, ಎರಡೂ ಹೆಚ್ಚು ವರ್ಷ ಬರುತ್ತವೆ.

ಚಳಿಯ ಸೆಟ್ಟಿಗೆ ರಿಮ್ ಸಮೇತ ತೆಗೆದುಕೊಳ್ಳಿ, ಸಾಧ್ಯವಾದರೆ ಒಂದು ಇಂಚು ಚಿಕ್ಕದು. ಅಕ್ಕನ ಮಗ ನೋಡಿದ ಜಿಆರ್ 86ರಲ್ಲಿ 215/40 ಆರ್ 18 ಅಳತೆಯ ಬೇಸಿಗೆ ಟೈರಿದೆ. ಅದೇ ಕಾರಿನ ಬೇಸ್ ಮಾದರಿಗೆ 215/45 ಆರ್ 17 ಬರುತ್ತದೆ. ಕೊನೆಯ ಅಂಕಿ ರಿಮ್ಮಿನ ಇಂಚು, ಚಳಿಗೆ ಆ 17 ಸಾಕು. ಟೈರಿನ ಗೋಡೆ ಎತ್ತರವಾದಷ್ಟು ಹಿಮ ಕರಗಿದ ಮೇಲೆ ಬೀಳುವ ಗುಂಡಿಗಳಲ್ಲಿ ರಿಮ್ ಬಾಗುವುದು ಕಡಿಮೆ, ಬೆಲೆಯೂ ಕಡಿಮೆ. ಹಿಮಕ್ಕೆ ಅಗಲ ಟೈರಿಗಿಂತ ಸಣ್ಣದೇ ವಾಸಿ, ಹಿಮವನ್ನು ಸೀಳಿಕೊಂಡು ಕೆಳಗಿನ ರಸ್ತೆ ಹಿಡಿಯುತ್ತದೆ. ದೊಡ್ಡ ಬ್ರೇಕ್ ಇರುವ ಮಾದರಿಯಾದರೆ ಚಿಕ್ಕ ರಿಮ್ ಕೂರುತ್ತೋ ಇಲ್ಲವೋ ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ.

ನಾಲ್ಕೂ ಹಾಕಿಸಿ. ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಕಾರು ಹೊರಡುತ್ತದೆ, ತಿರುಗುವುದಿಲ್ಲ, ನಿಲ್ಲುವುದೂ ಇಲ್ಲ. ನಾಲ್ಕು ಚಕ್ರಕ್ಕೂ ಪವರ್ ಇರುವ ಕಾರಿನವರೂ ಇದನ್ನು ಕೇಳಿಸಿಕೊಳ್ಳಿ. ಅದು ನಿಮ್ಮನ್ನು ಹೊರಡಿಸುತ್ತದೆ ಅಷ್ಟೇ. ನಿಲ್ಲಿಸುವುದು ಟೈರ್.

ಕಾನೂನು ಊರಿಗೊಂದು. ಕ್ವಿಬೆಕ್‌ನಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿ ಟೈರ್ ಕಡ್ಡಾಯ. ಒಂಟಾರಿಯೋದಲ್ಲಿ ಕಡ್ಡಾಯ ಇಲ್ಲ, ಆದರೆ 2016ರಿಂದ ಎಲ್ಲ ವಿಮಾ ಕಂಪನಿಗಳೂ ಚಳಿ ಟೈರಿಗೆ ರಿಯಾಯಿತಿ ಕೊಡಲೇಬೇಕು. ಕೇಳಿದರೆ ಸಿಗುತ್ತದೆ, ಫೋನ್ ಮಾಡಿ ಕೇಳಿ. ಜರ್ಮನಿಗೆ ಹೋಗುವವರು ಗಮನಿಸಿ: ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಅಲ್ಲಿ ಚಳಿ ಟೈರ್ ಬೇಕೇ ಬೇಕು. 2024ರ ಅಕ್ಟೋಬರಿನಿಂದ ಎಂ+ಎಸ್ ಮಾತ್ರ ಇದ್ದರೆ ಸಾಲದು, ಬೆಟ್ಟದ ಗುರುತೇ ಇರಬೇಕು.

ಬ್ರ್ಯಾಂಡಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಂಜುಗಡ್ಡೆ ಜಾಸ್ತಿ ಇರುವ ಕಡೆ ಬ್ಲಿಝಾಕ್, ಎಕ್ಸ್-ಐಸ್, ಹಕ್ಕಪೆಲಿಟ್ಟ ಎಲ್ಲವೂ ಒಳ್ಳೆಯವೇ. ವ್ರೆಡೆಸ್ಟೈನ್ ಅಂತ ಒಂದು ಹೆಸರು ಕಂಡರೆ ಹೆದರಬೇಡಿ, 2009ರಿಂದ ಅದು ನಮ್ಮ ಅಪೊಲೊ ಟೈರ್ಸ್‌ನವರದ್ದೇ.

ಅಕ್ಟೋಬರ್ ಮೊದಲ ವಾರದಲ್ಲೇ ಅಂಗಡಿಯಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ಮೊದಲ ಹಿಮ ಬಿದ್ದ ದಿನ ಇಡೀ ಊರು ಅಲ್ಲಿ ಸಾಲು ನಿಂತಿರುತ್ತದೆ. ಬದಲಾಯಿಸಿದ ಮೇಲೆ ಸುಮಾರು 100 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ. ಚಳಿ ಏರಿದಂತೆ ಗಾಳಿ ಇಳಿಯುತ್ತದೆ, ಪ್ರತಿ 5–6 ಡಿಗ್ರಿಗೆ ಸುಮಾರು 1 ಪಿಎಸ್‌ಐ. ತಿಂಗಳಿಗೊಮ್ಮೆ ಗಾಳಿ ಚೆಕ್ ಮಾಡಿ. ಟ್ರೆಡ್ 4 ಮಿಲಿಮೀಟರಿಗೆ ಇಳಿದರೆ ಆ ಸೆಟ್ಟನ್ನು ಇನ್ನೊಂದು ಚಳಿಗೆ ನಂಬಬೇಡಿ.

ಅಕ್ಕನ ಮಗ ಇಡ್ಲಿ ಮುಗಿಸುವಷ್ಟರಲ್ಲಿ ಆ ಕಾರು ಮಾರುವವರಿಗೆ ಒಂದು ಸಾಲು ಬರೆದು ಕಳಿಸಿದ: ಚಳಿ ಟೈರ್ ಇದೆಯಾ, ಇದ್ದರೆ ಪಕ್ಕದ ಗುರುತಿನ ಫೋಟೋ ಕಳಿಸಿ. ಉತ್ತರ ಇನ್ನೂ ಬಂದಿಲ್ಲ.