ಸಾಕ್ಷ್ಯಚಿತ್ರಕ್ಕೆ ಹಣ ಕೇಳುವ ಪತ್ರ: ನಾನು ಬರೆದ ಬಗೆ

ಸ್ವತಂತ್ರ ಸಾಕ್ಷ್ಯಚಿತ್ರಕ್ಕೆ ಧನಸಹಾಯ ಕೋರಿ ಬರೆಯುವ ಪತ್ರವನ್ನು ಮೊದಲು ಓದುವವರು ಸಾಮಾನ್ಯವಾಗಿ ಹಣ ಕೊಡುವ ತೀರ್ಮಾನ ಮಾಡುವವರಲ್ಲ. ಪ್ರತಿಷ್ಠಾನದ ಅಧಿಕಾರಿಯೋ, ನಿಧಿಯೊಂದು ನೇಮಿಸಿಕೊಂಡ ಹೊರಗಿನ ಪರಿಶೀಲಕರೋ ರಾಶಿ ಅರ್ಜಿಗಳ ನಡುವೆ ಅದನ್ನು ಓದಿ, ಮುಂದಿನ ಸುತ್ತಿಗೆ ಕಳುಹಿಸಬಹುದೇ ಎಂದು ಟಿಪ್ಪಣಿ ಬರೆಯುತ್ತಾರೆ. ಆಮೇಲೆ ಆಯ್ಕೆ ಸಮಿತಿಯ ಸಭೆಯಲ್ಲಿ, ನಾವು ಇಲ್ಲದ ಜಾಗದಲ್ಲಿ, ನಮ್ಮ ಚಿತ್ರದ ಪರವಾಗಿ ವಾದಿಸಬೇಕಾದವರೂ ಅವರೇ. ಕೈಯಿಂದ ಕರೆ ಜೋಡಿಸುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ನಿವೃತ್ತ ಮಹಿಳಾ ಆಪರೇಟರುಗಳನ್ನು ಕುರಿತ ನನ್ನ ಚಿತ್ರಕ್ಕೆ ಪತ್ರ ಬರೆಯಲು ಕುಳಿತಾಗ ಇದೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಆ ಓದುಗರಿಗೆ ಸಭೆಯಲ್ಲಿ ಎದುರಾಗುವ ಪ್ರಶ್ನೆಗಳಿಗೆ ಉತ್ತರ ಪತ್ರದೊಳಗೇ ಇರಬೇಕು, ಮತ್ತು ಪತ್ರವನ್ನು ಮತ್ತೆ ತೆರೆಯದೆಯೇ ಹೇಳಬಲ್ಲಷ್ಟು ಆ ಉತ್ತರ ಸರಳವಾಗಿರಬೇಕು.

ಬರೆಯುವ ಮುನ್ನ ಯಾರಿಗೆ ಬರೆಯುತ್ತಿದ್ದೇನೆ ಎಂಬುದನ್ನು ವಿಂಗಡಿಸಿಕೊಂಡೆ. ಪ್ರತಿಷ್ಠಾನಗಳು ಮತ್ತು ಚಿತ್ರೋತ್ಸವಗಳ ನಿಧಿಗಳು ಅನುದಾನ ಕೊಡುತ್ತವೆ; ಅವು ಲಾಭದ ಪಾಲನ್ನು ಸಾಮಾನ್ಯವಾಗಿ ಕೇಳುವುದಿಲ್ಲ, ಆದರೆ ತಮ್ಮ ಧ್ಯೇಯಕ್ಕೆ ಚಿತ್ರ ಹೊಂದುತ್ತದೆಯೇ ಎಂದು ನೋಡುತ್ತವೆ. ಟಿವಿ ವಾಹಿನಿಗಳು ಕೊಡುವ ಮುಂಗಡಕ್ಕೆ ಪ್ರತಿಯಾಗಿ ಪ್ರಸಾರದ ಹಕ್ಕನ್ನು ಪಡೆಯುತ್ತವೆ. ವ್ಯಾಪಾರಿ ಸಂಸ್ಥೆಗಳಿಗೆ ತಮ್ಮ ಹೆಸರು ಎಲ್ಲಿ, ಹೇಗೆ ಕಾಣುತ್ತದೆ ಎಂಬ ಚಿಂತೆ ಇರುತ್ತದೆ. ಈ ಮೂವರಿಗೂ ಒಂದೇ ಪತ್ರವನ್ನು ಹೆಸರು ಬದಲಿಸಿ ಕಳುಹಿಸಿದರೆ ಮೂವರಲ್ಲಿ ಯಾರಿಗೂ ಅದು ತಮಗಾಗಿ ಬರೆದದ್ದು ಅನ್ನಿಸುವುದಿಲ್ಲ. ಅನುದಾನ ಕೊಡುವ ನಿಧಿಗಳ ನಡುವೆಯೂ ವ್ಯತ್ಯಾಸವಿದೆ. ಸ್ವತಂತ್ರ ಚಿತ್ರಗಳಿಗೆ ನೆರವಾಗುವ ಅಮೆರಿಕದ ಸನ್‌ಡ್ಯಾನ್ಸ್ ಸಂಸ್ಥೆಯ ಸಾಕ್ಷ್ಯಚಿತ್ರ ನಿಧಿ 1996ರಲ್ಲಿ ದಾನಿ ಜಾರ್ಜ್ ಸೊರೋಸ್ ಹೆಸರಿನ ನಿಧಿಯಾಗಿ ಹುಟ್ಟಿ, 2002ರಲ್ಲಿ ಆ ಸಂಸ್ಥೆಗೆ ಬಂತು. ಮಾನವ ಹಕ್ಕು, ಸಾಮಾಜಿಕ ನ್ಯಾಯಗಳ ವಿಷಯವನ್ನು ಬೆಂಬಲಿಸುವುದು ಅದರ ಮೂಲ ಉದ್ದೇಶವಾಗಿತ್ತು. ಆಮ್‌ಸ್ಟರ್‌ಡ್ಯಾಮ್ ಸಾಕ್ಷ್ಯಚಿತ್ರೋತ್ಸವದ ಇಡ್ಫಾ ಬರ್ಥಾ ನಿಧಿ 1998ರಲ್ಲಿ ಯಾನ್ ವ್ರೈಮನ್ ನಿಧಿ ಎಂಬ ಹೆಸರಿನಿಂದ ಆರಂಭವಾದದ್ದು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕ, ಮಧ್ಯಪ್ರಾಚ್ಯ ಮೊದಲಾದ ಪ್ರದೇಶಗಳ ನಿರ್ದೇಶಕರಿಗೆ ಅದು ನೆರವಾಗುತ್ತದೆ. ಹಕ್ಕುಗಳ ಬಗ್ಗೆ ಕಾಳಜಿಯುಳ್ಳ ನಿಧಿಗೆ ಬರೆದಾಗ ನನ್ನ ಚಿತ್ರದ ಮಹಿಳೆಯರ ದುಡಿಮೆಯ ಷರತ್ತುಗಳನ್ನು ಮುಂದಕ್ಕೆ ತಂದೆ. ನಿರ್ದೇಶಕರ ಶೈಲಿಗೆ ಬೆಲೆ ಕೊಡುವ ನಿಧಿಗೆ ಬರೆದಾಗ ಧ್ವನಿಯನ್ನು ಬಳಸುವ ಬಗೆಯನ್ನು ಮುಂದಕ್ಕೆ ತಂದೆ. ಚಿತ್ರ ಬದಲಾಗಲಿಲ್ಲ, ಪತ್ರದಲ್ಲಿ ವಿಷಯಗಳು ಬರುವ ಕ್ರಮ ಬದಲಾಯಿತು.

ಮೊದಲ ಪ್ಯಾರಾವನ್ನು ಬರೆಯಲು ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಅದರಲ್ಲಿ ನಾಲ್ಕು ಸಂಗತಿಗಳು ಬರಲೇಬೇಕೆಂದು ಗೊತ್ತುಮಾಡಿಕೊಂಡಿದ್ದೆ: ಚಿತ್ರದಲ್ಲಿ ಏನು ನಡೆಯುತ್ತದೆ, ಅದರ ಅವಧಿ ಎಷ್ಟು, ಕೆಲಸ ಯಾವ ಹಂತದಲ್ಲಿದೆ, ಎಷ್ಟು ಹಣವನ್ನು ಯಾವ ಕೆಲಸಕ್ಕೆ ಕೇಳುತ್ತಿದ್ದೇನೆ. ಕೊನೆಗೆ ನಿಂತ ರೂಪ ಹೀಗಿತ್ತು:

“ಕೈಯಿಂದ ಕರೆ ಜೋಡಿಸುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜೊಂದು ಮುಚ್ಚಿ ದಶಕಗಳಾದ ಮೇಲೆ, ಅಲ್ಲಿ ರಾತ್ರಿ ಪಾಳಿಯಲ್ಲಿ ಒಟ್ಟಿಗೆ ದುಡಿದ ಮೂವರು ಮಹಿಳೆಯರು, ಅಂದು ಕಿವಿಗೆ ಬಿದ್ದು ಇಂದಿಗೂ ಯಾರಿಗೂ ಹೇಳದೆ ಉಳಿಸಿಕೊಂಡ ಮಾತುಗಳನ್ನು ಇನ್ನೇನು ಮಾಡಬೇಕೆಂದು ಮೊದಲ ಬಾರಿಗೆ ತಮ್ಮತಮ್ಮಲ್ಲಿ ಚರ್ಚಿಸುತ್ತಾರೆ. ಈ ಚರ್ಚೆಯನ್ನು ಹಿಂಬಾಲಿಸುವ, ಸುಮಾರು 75 ನಿಮಿಷಗಳ ಸಾಕ್ಷ್ಯಚಿತ್ರವನ್ನು ನಾನು ನಿರ್ದೇಶಿಸುತ್ತಿದ್ದೇನೆ. ಚಿತ್ರೀಕರಣದ ಮೊದಲ ಹಂತ ಮುಗಿದಿದೆ. ಉಳಿದ ಚಿತ್ರೀಕರಣಕ್ಕೂ ಮೊದಲ ಸಂಕಲನಕ್ಕೂ ತಗಲುವ ವೆಚ್ಚವನ್ನು, ಎಂದರೆ ಒಟ್ಟು ಬಜೆಟ್ಟಿನ ಮೂರನೇ ಒಂದು ಭಾಗವನ್ನು, ನಿಮ್ಮ ನಿಧಿಯಿಂದ ಕೋರುತ್ತಿದ್ದೇನೆ.”

ಮೊತ್ತವನ್ನು ಪತ್ರದ ಕೊನೆಯ ಸಾಲಿನಲ್ಲಿ ಸಂಕೋಚದಿಂದ ಹೇಳುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಹಣ ಕೇಳಲೆಂದೇ ಬರೆದ ಪತ್ರದಲ್ಲಿ ಹಣದ ಮಾತು ಯಾವಾಗ ಬರುತ್ತದೆಂದು ಓದುಗರು ಕಾಯುವಂತೆ ಮಾಡುವುದು ವಿನಯವೂ ಅಲ್ಲ, ಜಾಣತನವೂ ಅಲ್ಲ. ಅವಧಿಯನ್ನು ಹೇಳುವುದಕ್ಕೂ ಕಾರಣವಿದೆ. ಯುರೋಪಿನ ಹಲವು ವಾಹಿನಿಗಳಲ್ಲಿ ಒಂದು ಗಂಟೆಯ ಸಾಕ್ಷ್ಯಚಿತ್ರವೆಂದರೆ 52 ನಿಮಿಷ. ಆಸ್ಕರ್ ಕೊಡುವ ಅಕಾಡೆಮಿಯ ನಿಯಮದಲ್ಲಿ 40 ನಿಮಿಷ ಮೀರಿದ್ದು ಪೂರ್ಣಾವಧಿಯ ಚಿತ್ರ. ಅವಧಿಯನ್ನು ಹೇಳಿದೊಡನೆ ಈ ಚಿತ್ರ ಎಲ್ಲಿ ತೋರಲ್ಪಡಬಹುದು, ಅದರ ಬಜೆಟ್ ಅವಧಿಗೆ ತಕ್ಕುದಾಗಿದೆಯೇ ಎಂಬ ಅಂದಾಜು ಅನುಭವವಿರುವ ಓದುಗರಿಗೆ ಸಿಕ್ಕಿಬಿಡುತ್ತದೆ.

ಎರಡನೆಯ ಪ್ಯಾರಾದಲ್ಲಿ ವಿಷಯದ ಚರಿತ್ರೆಯನ್ನು ತುಂಬುವ ಆಸೆ ಬಲವಾಗಿತ್ತು, ಏಕೆಂದರೆ ಸಂಶೋಧನೆಯಲ್ಲಿ ಸಿಕ್ಕಿದ್ದು ಸೊಗಸಾಗಿತ್ತು. 1878ರಲ್ಲಿ ಬಾಸ್ಟನ್ನಿನಲ್ಲಿ ಎಮಾ ನಟ್ ಎಂಬಾಕೆ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆದದ್ದು, 1891ರಲ್ಲಿ ಆಲ್ಮನ್ ಸ್ಟ್ರೌಜರ್ ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟ್ ಪಡೆದು ಆಪರೇಟರಿಲ್ಲದೆ ಕರೆ ಜೋಡಿಸುವ ದಾರಿ ತೆರೆದದ್ದು, ಇವೆಲ್ಲ ಪುಟಗಟ್ಟಲೆ ಬರೆಯಬಹುದಾದ ಸಂಗತಿಗಳು. ಆದರೆ ವಿಷಯ ಮುಖ್ಯವೆಂದು ಒಪ್ಪಿದ ಸಮಿತಿ ಚಿತ್ರವನ್ನೂ ಒಪ್ಪಿತೆಂದು ಭಾವಿಸಲಾಗದು. ಅದೇ ವಿಷಯದ ಮೇಲೆ ಪುಸ್ತಕ ಬರೆಯಬಹುದು, ಲೇಖನ ಬರೆಯಬಹುದು, ಕ್ಯಾಮೆರಾ ಏಕೆ ಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಚರಿತ್ರೆಗೆ ಒಂದು ವಾಕ್ಯವನ್ನಷ್ಟೇ ಕೊಟ್ಟು, ಉಳಿದ ಜಾಗದಲ್ಲಿ ಪರದೆಯ ಮೇಲೆ ಕಾಣುವುದನ್ನೂ ಕೇಳುವುದನ್ನೂ ಬರೆದೆ: ಮೂವರಲ್ಲಿ ಒಬ್ಬರು, ಕರೆ ಜೋಡಿಸುವ ಸ್ವಿಚ್‌ಬೋರ್ಡ್ ಎದುರಿಗಿಲ್ಲದಿದ್ದರೂ, ಮಾತಿನ ನಡುವೆ ಮೇಜಿನ ಮೇಲೆ ತಂತಿ ಚುಚ್ಚುವಂತೆ ಬೆರಳಾಡಿಸುತ್ತಾರೆ, ಇನ್ನೊಬ್ಬರು ಹಳೆಯ ಚಂದಾದಾರರ ಸಂಖ್ಯೆಗಳನ್ನು ಇಂದಿಗೂ ತಡವರಿಸದೆ ಹೇಳುತ್ತಾರೆ, ಮೂವರೂ ಒಂದೇ ಘಟನೆಯನ್ನು ಬೇರೆಬೇರೆಯಾಗಿ ನೆನೆಯುತ್ತಾರೆ ಮತ್ತು ಆ ಭಿನ್ನಾಭಿಪ್ರಾಯವೇ ಚಿತ್ರವನ್ನು ಮುಂದಕ್ಕೆ ಒಯ್ಯುತ್ತದೆ. “ಮಾನವೀಯ”, “ಹೃದಯಸ್ಪರ್ಶಿ”, “ಹಿಂದೆಂದೂ ಕಾಣದ” ಮುಂತಾದ ವಿಶೇಷಣಗಳನ್ನು ಒಂದೊಂದಾಗಿ ತೆಗೆದುಹಾಕಿದೆ. ಚಿತ್ರ ಹೃದಯಸ್ಪರ್ಶಿಯೇ ಎಂಬುದನ್ನು ಹೇಳಬೇಕಾದವರು ಸಮಿತಿಯವರು.

ಸಮಿತಿಗಳು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ, ಈ ಜನ ನಿಮ್ಮೊಡನೆ ಏಕೆ ಮಾತನಾಡುತ್ತಾರೆ ಎಂಬುದು. “ನನಗೆ ಅವರ ಪರಿಚಯವಿದೆ” ಎಂಬ ಉತ್ತರ ಸಾಲದು. ಅವರಲ್ಲಿ ಒಬ್ಬರು ನನ್ನ ತಾಯಿಯ ಸಹೋದ್ಯೋಗಿ ಎಂಬುದನ್ನೂ, ಮೊದಲ ಭೇಟಿಗಳು ಕ್ಯಾಮೆರಾ ಇಲ್ಲದೆ ನಡೆದವೆಂಬುದನ್ನೂ, ಮೂವರೂ ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆಂಬುದನ್ನೂ ಬರೆದೆ. ನನ್ನ ಚಿತ್ರದಲ್ಲಿ ಇದಕ್ಕಿಂತ ಇಕ್ಕಟ್ಟಿನ ಪ್ರಶ್ನೆಯೂ ಇತ್ತು: ಅವರು ಕೇಳಿಸಿಕೊಂಡದ್ದು ಬೇರೆಯವರ ಮಾತು, ಆ ಬೇರೆಯವರ ಒಪ್ಪಿಗೆ ನಮ್ಮಲ್ಲಿಲ್ಲ. ಇದನ್ನು ಪತ್ರದಲ್ಲಿ ಎತ್ತದಿರುವುದೇ ಕ್ಷೇಮವೆಂದು ಕೆಲವು ಗೆಳೆಯರು ಹೇಳಿದರು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. ಸಭೆಯಲ್ಲಿ ಯಾರಾದರೊಬ್ಬರು ಆ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ, ಆಗ ನಮ್ಮ ಪರ ಮಾತನಾಡುವವರ ಕೈಯಲ್ಲಿ ಉತ್ತರವಿಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಕರೆ ಮಾಡಿದವರ ಗುರುತು ಸಿಗುವ ಯಾವ ವಿವರವೂ ಚಿತ್ರದಲ್ಲಿ ಬರುವುದಿಲ್ಲ, ಸಂಕಲನದ ಅಂತಿಮ ರೂಪ ನಿಲ್ಲುವ ಮೊದಲು ಮೂವರಿಗೂ ತಮ್ಮ ಭಾಗಗಳನ್ನು ತೋರಿಸಲಾಗುತ್ತದೆ, ವಕೀಲರೊಬ್ಬರ ಪರಿಶೀಲನೆಗೆ ಬಜೆಟ್ಟಿನಲ್ಲಿ ಹಣವಿದೆ ಎಂದು ಬರೆದೆ.

ಈಗಲೇ ಏಕೆ ಎಂಬುದಕ್ಕೆ ನನ್ನ ಬಳಿ ನೇರ ಉತ್ತರವಿತ್ತು: ಮೂವರಿಗೂ ವಯಸ್ಸಾಗಿದೆ, ಅವರಲ್ಲಿ ಒಬ್ಬರ ಕೇಳುವ ಶಕ್ತಿ ಕುಂದುತ್ತಿದೆ. ಅಂಥ ಕಾರಣ ನಿಜವಾಗಿ ಇಲ್ಲದಿದ್ದರೆ ತುರ್ತನ್ನು ಸೃಷ್ಟಿಸಲು ಹೋಗಬಾರದು. ಅದು ಓದುವವರಿಗೆ ಥಟ್ಟನೆ ತಿಳಿಯುತ್ತದೆ.

ಇನ್ನು ಬಜೆಟ್ಟಿನ ವಿಚಾರ. ಪತ್ರವನ್ನು ಬರೆದ ಮೇಲೆ ಬಜೆಟ್ ಮಾಡುವುದು ವಾಡಿಕೆ, ನಾನು ಅದನ್ನು ತಿರುವುಮುರುವು ಮಾಡಿ ಬಜೆಟ್ಟನ್ನು ಮೊದಲು ಸಿದ್ಧಪಡಿಸಿದೆ. ಪತ್ರ ಬರೆಯುತ್ತ ಬಜೆಟ್ಟಿನ ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕದಲ್ಲೂ ಇದು ಪತ್ರದ ಯಾವ ವಾಕ್ಯಕ್ಕೆ ಸೇರಿದ ಖರ್ಚು ಎಂದು ಗುರುತು ಹಾಕಿಕೊಂಡೆ; ವಾಕ್ಯವಿಲ್ಲದ ಖರ್ಚಿಗೆ ಸಮರ್ಥನೆಯಿಲ್ಲ, ಖರ್ಚಿಲ್ಲದ ವಾಕ್ಯ ಬರಿಯ ಭರವಸೆ. ಹಳೆಯ ಛಾಯಾಚಿತ್ರ ಮತ್ತು ವಾರ್ತಾಚಿತ್ರಗಳನ್ನು ಬಳಸುತ್ತೇನೆ ಎಂದು ಬರೆದಿದ್ದರೆ ಅವುಗಳ ಹಕ್ಕುಗಳಿಗೆ ಹಣ ಇರಲೇಬೇಕು. ಸಂಗ್ರಹಾಲಯಗಳು ದೃಶ್ಯಗಳನ್ನು ಹಲವು ವೇಳೆ ನಿಮಿಷ ಅಥವಾ ಸೆಕೆಂಡಿನ ಲೆಕ್ಕದಲ್ಲಿ ಮಾರುತ್ತವೆ, ಮತ್ತು ಚಿತ್ರೋತ್ಸವಗಳಿಗೆ ಮಾತ್ರ ಪಡೆದ ಹಕ್ಕಿನ ಬೆಲೆಗೂ ಎಲ್ಲ ಮಾಧ್ಯಮಗಳಿಗೆ, ಎಲ್ಲ ದೇಶಗಳಿಗೆ, ಶಾಶ್ವತವಾಗಿ ಪಡೆದ ಹಕ್ಕಿನ ಬೆಲೆಗೂ ಭಾರಿ ಅಂತರವಿರುತ್ತದೆ. ನಾನು ಎರಡೂ ದರಗಳನ್ನು ಮೊದಲೇ ಕೇಳಿ ತರಿಸಿಕೊಂಡು, ಯಾವುದನ್ನು ಲೆಕ್ಕಕ್ಕೆ ಹಿಡಿದಿದ್ದೇನೆಂದು ಟಿಪ್ಪಣಿಯಲ್ಲಿ ತಿಳಿಸಿದೆ.

ಹೊಸಬರ ಬಜೆಟ್ಟುಗಳಲ್ಲಿ ಚಿತ್ರೀಕರಣದ ಖರ್ಚು ದೊಡ್ಡದಾಗಿ ಕಾಣುತ್ತದೆ, ಅದರ ನಂತರದ ಕೆಲಸ ಸೊರಗಿರುತ್ತದೆ. ಜನರ ಬದುಕನ್ನು ಗಮನಿಸುತ್ತ ಹಿಂಬಾಲಿಸುವ ಬಗೆಯ ಸಾಕ್ಷ್ಯಚಿತ್ರದಲ್ಲಿ ಚಿತ್ರಿಸಿದ್ದಕ್ಕೂ ಉಳಿಸಿಕೊಂಡದ್ದಕ್ಕೂ ಇರುವ ಅನುಪಾತ ಅಪಾರ. ಆ ಎಲ್ಲ ದೃಶ್ಯಗಳನ್ನು ನೋಡುವುದು, ಮಾತುಗಳನ್ನು ಬರಹಕ್ಕಿಳಿಸುವುದು, ಸಂಕಲಿಸುವುದು ತಿಂಗಳುಗಟ್ಟಲೆಯ ಕೆಲಸ. ಒಂದು ಗಂಟೆಯ ಮಾತನ್ನು ಕೇಳುತ್ತ ಕೈಯಿಂದ ಬರೆದುಕೊಳ್ಳಲು 4ರಿಂದ 6 ಗಂಟೆ ಹಿಡಿಯುವುದು ಸಾಮಾನ್ಯ. ಇದರ ಮೇಲೆ ಧ್ವನಿ ಮಿಶ್ರಣ, ವರ್ಣ ಸಂಸ್ಕರಣ, ಸಬ್‌ಟೈಟಲ್, ಚಿತ್ರಮಂದಿರದ ಪ್ರದರ್ಶನಕ್ಕೆ ಬೇಕಾದ ಡಿಸಿಪಿ ಎಂಬ ಡಿಜಿಟಲ್ ಪ್ರತಿ, ದೃಶ್ಯಗಳನ್ನು ಪ್ರತ್ಯೇಕ ಹಾರ್ಡ್ ಡಿಸ್ಕುಗಳಲ್ಲಿ ಮೂರು ಪ್ರತಿ ಮಾಡಿಟ್ಟು ಅದರಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿ ಇಡುವ ವ್ಯವಸ್ಥೆ, ಇವೆಲ್ಲವನ್ನೂ ಬಿಡಿಬಿಡಿಯಾಗಿ ತೋರಿಸಿದೆ. ಅನಿರೀಕ್ಷಿತ ಖರ್ಚಿಗೆ ಶೇ. 10ರಷ್ಟನ್ನು ತೆಗೆದಿಡುವುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಪದ್ಧತಿ; ಅದನ್ನು ಮರೆಮಾಚಿ ಬೇರೆ ಸಾಲುಗಳಲ್ಲಿ ಉಬ್ಬಿಸುವುದಕ್ಕಿಂತ ಹೆಸರಿಟ್ಟು ತೋರಿಸುವುದು ಮೇಲು.

ನನ್ನ ಸಂಭಾವನೆಯನ್ನೂ ಬರೆದೆ. ನಿರ್ದೇಶಕರ ಸಾಲಿನಲ್ಲಿ ಸೊನ್ನೆ ಹಾಕಿದರೆ ತ್ಯಾಗವಾಗಿ ಕಾಣುತ್ತದೆಂಬ ನಂಬಿಕೆ ಇದೆ. ಆದರೆ ಎರಡು ವರ್ಷ ಸಂಬಳವಿಲ್ಲದೆ ಈ ವ್ಯಕ್ತಿ ಹೇಗೆ ಬದುಕುತ್ತಾರೆ, ನಡುವೆ ಬೇರೆ ಕೆಲಸಕ್ಕೆ ಹೋದರೆ ಚಿತ್ರದ ಗತಿಯೇನು ಎಂಬ ಸಂದೇಹವನ್ನೇ ಆ ಸೊನ್ನೆ ಹುಟ್ಟಿಸುತ್ತದೆ. ಸಂಭಾವನೆಯ ಒಂದು ಭಾಗವನ್ನು ನಾನೇ ಬಿಟ್ಟುಕೊಡುತ್ತಿದ್ದರೆ ಪೂರ್ಣ ಮೊತ್ತವನ್ನು ಖರ್ಚಿನ ಕಡೆಗೂ, ಬಿಟ್ಟುಕೊಟ್ಟದ್ದನ್ನು ನನ್ನ ಕೊಡುಗೆಯೆಂದು ಆದಾಯದ ಕಡೆಗೂ ತೋರಿಸಬೇಕು. ಗೆಳೆಯರು ಬಾಡಿಗೆಯಿಲ್ಲದೆ ಕೊಟ್ಟ ಕ್ಯಾಮೆರಾಕ್ಕೂ ಇದೇ ಲೆಕ್ಕ. ಆದಾಯದ ಪಟ್ಟಿಯಲ್ಲಿ ಕೈಸೇರಿದ ಹಣ, ಖಚಿತವಾದರೂ ಇನ್ನೂ ಬಾರದ ಹಣ, ಅರ್ಜಿ ಹಾಕಿ ಕಾಯುತ್ತಿರುವ ಹಣ ಈ ಮೂರನ್ನು ಬೇರೆಬೇರೆಯಾಗಿ ಬರೆದೆ. ಕೇಳಿದ ಮೊತ್ತ ಪೂರ್ತಿ ಸಿಗದಿದ್ದರೆ ಏನು ಮಾಡುತ್ತೇನೆ ಎಂಬುದನ್ನೂ ಒಂದು ವಾಕ್ಯದಲ್ಲಿ ಸೇರಿಸಿದೆ: ಅರ್ಧ ಸಿಕ್ಕರೆ ಚಿತ್ರೀಕರಣ ಮುಗಿಸುತ್ತೇನೆ, ಸಂಕಲನವನ್ನು ಮುಂದಿನ ನೆರವಿಗಾಗಿ ಕಾದಿರಿಸುತ್ತೇನೆ.

ವ್ಯಾಪಾರಿ ಸಂಸ್ಥೆಗೆ ಬರೆದ ಪತ್ರದಲ್ಲಿ ಒಂದು ಪ್ಯಾರಾ ಹೆಚ್ಚಾಗಿತ್ತು. ಚಿತ್ರದ ಅಂತಿಮ ಸಂಕಲನದ ಅಧಿಕಾರ ನಿರ್ದೇಶಕರದ್ದೇ ಎಂದೂ, ಸಂಸ್ಥೆಯ ಹೆಸರು ಕೃತಜ್ಞತೆಯ ಸಾಲುಗಳಲ್ಲಿ ಬರುವುದೇ ಹೊರತು ಚಿತ್ರದ ಒಳಗೆ ಅಲ್ಲವೆಂದೂ ಅಲ್ಲಿ ಸೌಜನ್ಯದಿಂದ, ಆದರೆ ಸಡಿಲವಿಲ್ಲದೆ ಹೇಳಿದ್ದೆ. ಹಣ ಬಂದ ಮೇಲೆ ಈ ಮಾತನ್ನು ಎತ್ತುವುದು ಬಹಳ ಕಷ್ಟ. ಅವರಿಂದ ಉತ್ತರ ಬರಲಿಲ್ಲ. ಆ ಪ್ಯಾರಾ ಕಾರಣವಾಗಿದ್ದರೂ ನನಗೆ ಬೇಸರವಿಲ್ಲ.

ಪತ್ರದ ಉದ್ದ ಎರಡು ಪುಟ ಮೀರಲಿಲ್ಲ. ನಿಧಿಗಳು ಕೇಳುವ ವಿವರವಾದ ಪ್ರಸ್ತಾವ ಬೇರೆಯೇ ದಾಖಲೆ. ಅದಕ್ಕೆ ಸನ್‌ಡ್ಯಾನ್ಸ್, ಇಂಟರ್‌ನ್ಯಾಷನಲ್ ಡಾಕ್ಯುಮೆಂಟರಿ ಅಸೋಸಿಯೇಷನ್ ಮೊದಲಾದ ಸಂಸ್ಥೆಗಳು ಸೇರಿ ರೂಪಿಸಿದ ಡಾಕ್ಯುಮೆಂಟರಿ ಕೋರ್ ಅಪ್ಲಿಕೇಶನ್ ಎಂಬ ಸಮಾನ ಮಾದರಿ ಇದೆ. ಪತ್ರಕ್ಕೆ ಜೊತೆಯಾಗಿ ಕಳುಹಿಸಿದ ದೃಶ್ಯದ ತುಣುಕನ್ನು ಸಂಗೀತ ಹಾಕಿದ ಟ್ರೈಲರಿನಂತೆ ಮಾಡದೆ, ಆ ಮೂವರು ವಾದಿಸುವ ಒಂದೇ ದೃಶ್ಯವನ್ನು ಕತ್ತರಿಸದೆ ಇಟ್ಟೆ. ಒಂದು ದೃಶ್ಯವನ್ನು ಆರಂಭದಿಂದ ಕೊನೆಯವರೆಗೆ ಹಿಡಿದಿಡಬಲ್ಲೆನೇ ಎಂಬುದು ಟ್ರೈಲರಿನಿಂದ ಗೊತ್ತಾಗುವುದಿಲ್ಲ.

ಕಳುಹಿಸುವ ಮೊದಲು ಸಿನಿಮಾಕ್ಕೆ ಸಂಬಂಧವಿಲ್ಲದ ಸ್ನೇಹಿತೆಯೊಬ್ಬರಿಗೆ ಪತ್ರವನ್ನು ಓದಲು ಕೊಟ್ಟು, ಮರುದಿನ ಅದನ್ನು ನೋಡದೆ ನನ್ನ ಚಿತ್ರದ ಬಗ್ಗೆ ಹೇಳುವಂತೆ ಕೇಳಿದೆ. ಅವರು ನೆನಪಿನಿಂದ ಹೇಳಿದ್ದರಲ್ಲಿ ಬಿಟ್ಟುಹೋದ ಭಾಗಗಳನ್ನು ಮತ್ತೆ ಬರೆದೆ, ತಪ್ಪಾಗಿ ಹೇಳಿದ ಭಾಗಗಳನ್ನು ಬಿಡಿಸಿ ಬರೆದೆ. ಮೊದಲ ಸುತ್ತಿನಲ್ಲಿ ನಿಧಿಯೊಂದು ನಿರಾಕರಿಸಿದಾಗ, ಸಾಧ್ಯವಿದ್ದರೆ ಪರಿಶೀಲಕರ ಅಭಿಪ್ರಾಯ ತಿಳಿಸಬೇಕೆಂದು ಎರಡು ಸಾಲು ಬರೆದು ಕೇಳಿಕೊಂಡೆ. ಮೂವರು ಪಾತ್ರಗಳಲ್ಲಿ ಒಬ್ಬರು ಮಸುಕಾಗಿ ಕಾಣುತ್ತಾರೆಂಬ ಉತ್ತರ ಬಂತು. ಮರುವರ್ಷ ಅದೇ ನಿಧಿಗೆ ಬರೆದ ಪತ್ರದ ಮೊದಲ ಪ್ಯಾರಾದ ಕೊನೆಗೆ, ಕಳೆದ ಸಲಕ್ಕಿಂತ ಏನು ಬದಲಾಗಿದೆ ಎಂಬ ಒಂದು ವಾಕ್ಯ ಸೇರಿತು: ಆ ಮೂರನೆಯವರ ಜೊತೆಗಿನ ಚಿತ್ರೀಕರಣ ಮುಗಿದಿದೆ, ಅದರ ತುಣುಕನ್ನು ಲಗತ್ತಿಸಲಾಗಿದೆ, ಬೇರೆ ಮೂಲದಿಂದ ಸ್ವಲ್ಪ ಹಣ ಬಂದಿರುವುದರಿಂದ ಕೇಳುವ ಮೊತ್ತವೂ ಅಷ್ಟರಮಟ್ಟಿಗೆ ಇಳಿದಿದೆ. ಹಣ ಮಂಜೂರಾದದ್ದು ಆ ಪತ್ರಕ್ಕೆ.