ಗುಬ್ಬಕ್ಕ ಕಾಗಕ್ಕ ಪರದೆ ಮೇಲೆ: ಎಣ್ಣೆ ಕಾಗದದಲ್ಲಿ ಬಣ್ಣದ ನೆರಳಾಟ

ನೆರಳಾಟ ಅಂದ ತಕ್ಷಣ ಎಲ್ರೂ ಕಪ್ಪು ಚಾರ್ಟ್ ಪೇಪರ್ ತಗೊಂಡು ಕತ್ತರಿಸೋಕೆ ಕೂತ್ಕೋತಾರೆ, ಆದ್ರೆ ನಮ್ಮ ತೊಗಲು ಗೊಂಬೆ ಕಪ್ಪಗಿರಲ್ಲ ಕಣ್ರೀ. ಚರ್ಮನ ಬೆಳಕು ಹಾಯೋ ಹಾಗೆ ಹದ ಮಾಡಿ, ಬಣ್ಣ ಹಾಕಿ, ಒಡವೆ ಸೀರೆ ಅಂಚಿಗೆಲ್ಲ ಸಣ್ಣ ಸಣ್ಣ ತೂತು ಹೊಡೀತಾರೆ, ಅದಕ್ಕೇ ಪರದೆ ಮೇಲೆ ಕೆಂಪು ಹಸಿರು ಅಷ್ಟು ಹೊಳೆಯೋದು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವ್ರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಈ ಕಲೆಗೇ. ಅವರು ಆಡಿಸೋದು ರಾಮಾಯಣ ಮಹಾಭಾರತ, ನಾವು ಮನೇಲಿ ಮಕ್ಕಳ ಜೊತೆ ಗುಬ್ಬಕ್ಕ ಕಾಗಕ್ಕನಿಂದ ಶುರು ಮಾಡೋಣ. ಎರಡು ಹಕ್ಕಿ, ಒಂದು ಕಲ್ಲಿನ ಮನೆ, ಒಂದು ಸಗಣಿ ಮನೆ, ಒಂದು ಮಳೆ, ಅಷ್ಟೇ ಬೇಕಾಗಿರೋದು.

ಮೊದ್ಲು ಪರದೆ. ದೊಡ್ಡ ರಟ್ಟಿನ ಡಬ್ಬದ ತಳ ಕತ್ತರಿಸಿ, ಸುತ್ತ ಎರಡು ಬೆರಳಗಲ ಅಂಚು ಬಿಟ್ಟು, ಒಳಗಡೆಯಿಂದ ಬಟರ್ ಪೇಪರ್ ಅಂಟಿಸಿ, ಸುಕ್ಕು ಬೀಳ್ಬಾರ್ದು. ಹಳೇ ಬಿಳಿ ಪಂಚೆ ತುಂಡಿದ್ರೆ ಇನ್ನೂ ಚೆನ್ನ.

ಈಗ ಗೊಂಬೆ, ಇಲ್ಲಿ ಮಾತ್ರ ಅವಸರ ಮಾಡ್ಬೇಡಿ. ಬಿಳಿ ಜೆರಾಕ್ಸ್ ಹಾಳೆ ಮೇಲೆ ಒಂದು ಗೇಣಿನಷ್ಟು ಹಕ್ಕಿ ಬರೀರಿ, ಪಕ್ಕದಿಂದ ನೋಡಿದ ಹಾಗೆ, ಕೊಕ್ಕು ಬಾಲ ಸ್ವಲ್ಪ ಜಾಸ್ತೀನೇ ಉದ್ದ ಇರ್ಲಿ, ದೂರದಲ್ಲಿ ಕೂತೋರಿಗೂ ಯಾರು ಗುಬ್ಬಿ ಯಾರು ಕಾಗೆ ಅಂತ ಗೊತ್ತಾಗ್ಬೇಕಲ್ವಾ. ಸ್ಕೆಚ್ ಪೆನ್ನಲ್ಲಿ ಗಾಢವಾಗಿ ಬಣ್ಣ ತುಂಬಿ, ಗುಬ್ಬಕ್ಕನಿಗೆ ಒಂದು ಹಸಿರು ಸೀರೆ ಉಡಿಸಿದ್ರೂ ಆಯ್ತು. ಅಂಚಿಗೆ ಕತ್ತರಿಸಿ, ಕಣ್ಣಿಗೆ ಕಾಂಪಾಸ್ ಮೊನೆಯಿಂದ ಒಂದೇ ಒಂದು ತೂತು, ಆ ತೂತಿನಿಂದ ಬೆಳಕು ಬಂದಾಗ್ಲೇ ಹಕ್ಕಿಗೆ ಜೀವ ಬರೋದು. ಬಣ್ಣ ಒಣಗಿದ ಮೇಲೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಹಿಂದ್ಗಡೆ ಸವರಿ. ನೋಡ್ತಾ ನೋಡ್ತಾ ಕಾಗದ ಗಾಜಿನ ಥರ ಆಗುತ್ತೆ, ಮಕ್ಕಳು ಹತ್ತಿನ ಕೈಯಿಂದ ಕಿತ್ಕೊಂಡು ತಾವೇ ಸವರ್ತಾರೆ, ಬಿಡಿ ಸವರ್ಲಿ. ಮಿಕ್ಕ ಎಣ್ಣೆ ಹೀರ್ಕೊಳ್ಳೋಕೆ ಗೊಂಬೆನ ನ್ಯೂಸ್ ಪೇಪರ್ ಮಧ್ಯೆ ಒತ್ತಿ ಒಂದು ರಾತ್ರಿ ಇಡಿ.

ಎಣ್ಣೆ ಕಾಗದಕ್ಕೆ ಗಮ್ ಹಿಡಿಯಲ್ಲ. ನಾನು ಮೊದಲ ಸಲ ಕಡ್ಡಿನ ಗಮ್ಮಲ್ಲಿ ಅಂಟಿಸಿ, ಆಟದ ಮಧ್ಯೆ ಕಾಗಕ್ಕ ಕಳಚಿ ಬಿದ್ದು ಮಗಳು ಅತ್ತೇ ಬಿಟ್ಟಳು. ತೊಗಲು ಗೊಂಬೇಲಿ ಬಿದಿರು ಕಡ್ಡಿನ ಸೀಳಿ ಮಧ್ಯೆ ಚರ್ಮ ಸಿಕ್ಕಿಸಿ ದಾರ ಕಟ್ಟೋ ಹಾಗೆ, ನೀವೂ ಎರಡು ಕಡ್ಡಿಪೊರಕೆ ಕಡ್ಡಿನ ಆ ಕಡೆ ಈ ಕಡೆ ಇಟ್ಟು ಮೂರು ಕಡೆ ದಾರದಲ್ಲಿ ಕಟ್ಟಿ, ಆಗ ಕಾಗದ ಬಾಗೋದೂ ಇಲ್ಲ.

ಕಲ್ಲಿನ ಮನೆಗೆ ದಪ್ಪ ರಟ್ಟೇ ಸಾಕು. ಸಗಣಿ ಮನೇನ ಮೂರು ತುಂಡು ಮಾಡಿ ಮೂರು ಕಡ್ಡಿಗೆ ಕಟ್ಟಿ, ಮಳೆ ಬಂದಾಗ ಮೇಲಿನ ತುಂಡಿಂದ ಒಂದೊಂದಾಗಿ ಕೆಳಗೆ ಎಳೀರಿ. ಮಳೆಗೆ ಒಂದು ರಟ್ಟಲ್ಲಿ ಓರೆಯಾಗಿ ಸಣ್ಣ ಸೀಳು ಕೊರೆದು ದೀಪದ ಮುಂದೆ ಆಡಿಸಿ, ಜೊತೆಗೆ ಸ್ಟೀಲ್ ತಟ್ಟೇಲಿ ಅಕ್ಕಿ ಉದುರಿಸಿದ್ರೆ ಸದ್ದೂ ಆಯ್ತು.

ಬೆಳಕಿಗೆ ಮೊಬೈಲ್ ಟಾರ್ಚ್ ಒಂದೇ ಇರ್ಲಿ, ಎರಡಿಟ್ರೆ ನೆರಳೂ ಎರಡಾಗುತ್ತೆ. ಪರದೆಯಿಂದ ಎರಡು ಮೂರು ಅಡಿ ಹಿಂದಿಟ್ಟು ರೂಮಿನ ಲೈಟ್ ಆಫ್ ಮಾಡಿ. ಗೊಂಬೆ ಪರದೆಗೆ ತಾಕಿದ್ರೆ ಬಣ್ಣ ಸ್ಪಷ್ಟ, ದೀಪದ ಕಡೆ ತಂದ್ರೆ ದೊಡ್ಡದಾಗಿ ಮಸುಕಾಗುತ್ತೆ, ಹಾಗಾಗಿ ಕಾಗಕ್ಕ ದೂರದಿಂದ ಹಾರಿ ಬರೋವಾಗ ಹಿಂದಿನಿಂದ ನಿಧಾನಕ್ಕೆ ಮುಂದಕ್ಕೆ ತನ್ನಿ. ಆಮೇಲೆ "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ" ಅಂತ ಒಬ್ರು ಕೂಗಿ, "ತಡಿ ಕಾಗಕ್ಕ, ಮಗೂಗೆ ಎಣ್ಣೆ ಹಚ್ತಿದೀನಿ" ಅಂತ ಇನ್ನೊಬ್ರು ಹೇಳ್ಲಿ, ನೀರು ಹಾಕ್ತಿದೀನಿ, ಬಟ್ಟೆ ಹಾಕ್ತಿದೀನಿ ಅಂತ ಎಷ್ಟು ಬೇಕಾದ್ರೂ ಬೆಳೆಸ್ಬೋದು.

ಆಟ ಮುಗಿದ ಮೇಲೆ ಗೊಂಬೆಗಳನ್ನ ಒಂದರ ಮೇಲೊಂದು ಪೇರಿಸ್ಬೇಡಿ, ಅಂಟ್ಕೊಂಡು ಬಣ್ಣ ಬಿಡುತ್ತೆ. ನಡುವೆ ನ್ಯೂಸ್ ಪೇಪರ್ ಇಟ್ಟು ಹಾಸಿಗೆ ಕೆಳಗೆ ಚಪ್ಪಟೆಯಾಗಿ ಇಡಿ.