ಯುರೇಕಾ ಬಂಡಾಯದ ಅಂಚೆಚೀಟಿಗಳನ್ನು ಜೋಡಿಸುವ ಕ್ರಮ

1854ರ ಡಿಸೆಂಬರ್ 3ರ ಭಾನುವಾರ ನಸುಕಿನಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಬ್ಯಾಲರಟ್‌ನಲ್ಲಿ ಚಿನ್ನ ಅಗೆಯುವವರು ಕಟ್ಟಿಕೊಂಡಿದ್ದ ಮರದ ತಡೆಗೋಡೆಯ ಮೇಲೆ ಸೈನಿಕರೂ ಪೊಲೀಸರೂ ದಾಳಿ ಮಾಡಿದರು. ಈ ಯುರೇಕಾ ಬಂಡಾಯದ 150ನೇ ವರ್ಷದ ನೆನಪಿಗೆ 2004ರಲ್ಲಿ ಆಸ್ಟ್ರೇಲಿಯಾ ಸ್ಮರಣಾರ್ಥ ಅಂಚೆಚೀಟಿಗಳನ್ನು ಹೊರತಂದಿತು. ಅವನ್ನು ಕೊಂಡು ಆಲ್ಬಂನಲ್ಲಿಟ್ಟರೆ ಘಟನೆಯ ಹೆಸರು ಸಂಗ್ರಹಕ್ಕೆ ಸೇರುತ್ತದೆ, ಕಾರಣ ಸೇರುವುದಿಲ್ಲ. ಆ ಕಾರಣ, ಚಿನ್ನ ಅಗೆಯಲು ಸರ್ಕಾರದಿಂದ ಶುಲ್ಕ ಕೊಟ್ಟು ಪಡೆಯಬೇಕಿದ್ದ ಪರವಾನಗಿ. ಆದ್ದರಿಂದ ಸಂಗ್ರಹವನ್ನು ಪರವಾನಗಿಯ ಕಥೆಯಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಬೇಕಾದ ಚೀಟಿಗಳು ಹಿಂದಿನ ಎರಡು ಸರಣಿಗಳಲ್ಲಿವೆ. 1990ರ ಚಿನ್ನದ ಬೇಟೆಯ ಐದು ಚೀಟಿಗಳಲ್ಲಿ ಗಣಿಯತ್ತ ಹೊರಟವರು, ಅಗೆತದ ಬಯಲು, ಬಾಣಲೆಯಲ್ಲಿ ಮಣ್ಣು ತೊಳೆದು ಚಿನ್ನ ಹುಡುಕುವುದು, ಗಣಿ ಪ್ರದೇಶದ ಸರ್ಕಾರಿ ಅಧಿಕಾರಿಯಾದ ಕಮಿಷನರನ ಡೇರೆ ಮತ್ತು ಚಿನ್ನ ಸಾಗಿಸುವ ಕಾವಲು ಪಡೆ ಇವೆ. ಎಸ್. ಟಿ. ಗಿಲ್ ಎಂಬ ಕಲಾವಿದನ ರೇಖಾಚಿತ್ರಗಳನ್ನು ಆಧರಿಸಿದ 1981ರ ನಾಲ್ಕು ಚೀಟಿಗಳಲ್ಲಿ ಒಂದು ಪರವಾನಗಿ ತಪಾಸಣೆಯದು. ನನ್ನ ಮಟ್ಟಿಗೆ ಇಡೀ ಸಂಗ್ರಹದ ಜೀವಾಳ ಈ ಚೀಟಿಯೇ. ಅದಕ್ಕೆ ಒಂದು ಹಾಳೆಯನ್ನೇ ಮೀಸಲಿಡಿ. 1851ರಲ್ಲಿ ತಿಂಗಳಿಗೆ 30 ಶಿಲಿಂಗ್ (ಒಂದೂವರೆ ಪೌಂಡ್) ಎಂದು ಆರಂಭವಾದ ಶುಲ್ಕವನ್ನು ಚಿನ್ನ ಸಿಕ್ಕಲಿ ಬಿಡಲಿ ಕಟ್ಟಲೇಬೇಕಿತ್ತು ಎಂಬುದನ್ನೂ, ಕಟ್ಟಿದವನಿಗೆ ಮತದಾನದ ಹಕ್ಕು ಇರಲಿಲ್ಲ ಎಂಬುದನ್ನೂ, 1854ರ ನವೆಂಬರ್‌ನಲ್ಲಿ ಬ್ಯಾಲರಟ್‌ನ ಬೇಕರಿ ಹಿಲ್‌ನ ಸಭೆಯಲ್ಲಿ ಜನ ಪರವಾನಗಿಗಳನ್ನು ಸುಟ್ಟರು ಎಂಬುದನ್ನೂ ಅದರ ಕೆಳಗೆ ಎರಡು ಮೂರು ಸಾಲಿನಲ್ಲಿ ಬರೆಯಿರಿ.

ಇದಾದ ಮೇಲೆ 2004ರ ಚೀಟಿಗಳು ಬರಲಿ. ಮೊದಲ ದಿನದ ಲಕೋಟೆ (ಚೀಟಿ ಬಿಡುಗಡೆಯಾದ ದಿನದ ಮೊಹರು ಬಿದ್ದ ಲಕೋಟೆ) ಸಿಕ್ಕರೆ ಬಿಡಬೇಡಿ; ಮೊಹರಿನ ದಿನಾಂಕ ಸ್ಪಷ್ಟವಾಗಿ ಓದಲು ಬರುವಂತಿರುವುದನ್ನೇ ಆರಿಸಿ. ಪಕ್ಕದ ಬರಹದಲ್ಲಿ ಬಂಡಾಯಗಾರರ ಬಾವುಟಕ್ಕೆ ಜಾಗ ಕೊಡಿ: ನೀಲಿ ಬಟ್ಟೆಯ ಮೇಲೆ ಬಿಳಿಯ ಶಿಲುಬೆ, ಅದರ ಮೇಲೆ ಎಂಟು ಮೊನೆಗಳ ಐದು ನಕ್ಷತ್ರಗಳು. ಕಾಳಗದ ನಂತರ ಜಾನ್ ಕಿಂಗ್ ಎಂಬ ಪೊಲೀಸನು ಅದನ್ನು ಕೆಳಗಿಳಿಸಿದನು. ಮುಂದೆ ಜನರು ನೆನಪಿಗೆಂದು ಅದರ ತುಂಡುಗಳನ್ನು ಕತ್ತರಿಸಿಕೊಂಡಿದ್ದರಿಂದ ಈಗ ಉಳಿದಿರುವುದು ಅಪೂರ್ಣ ಬಾವುಟ.

ಕೈಯಲ್ಲಿ ಹಣವಿದ್ದವರು ಆ ಕಾಲದ ಚೀಟಿಯೊಂದನ್ನೂ ಸೇರಿಸಬಹುದು. ಥಾಮಸ್ ಹ್ಯಾಮ್ ಮೆಲ್ಬರ್ನ್‌ನಲ್ಲಿ ಮುದ್ರಿಸಿ 1850ರಲ್ಲಿ ಬಳಕೆಗೆ ಬಂದ, ರಾಣಿ ವಿಕ್ಟೋರಿಯಾಳ ಅರ್ಧದೇಹದ ಚಿತ್ರವಿರುವ ಚೀಟಿಗಳಿಗೆ ರಂಧ್ರದ ಅಂಚು ಇರಲಿಲ್ಲ. ಒಂದೊಂದನ್ನೂ ಹಾಳೆಯಿಂದ ಕತ್ತರಿಸಿ ತೆಗೆಯುತ್ತಿದ್ದರು. ಆದ್ದರಿಂದ ಚಿತ್ರದ ನಾಲ್ಕೂ ಬದಿಯಲ್ಲಿ ಬಿಳಿ ಅಂಚು ಉಳಿದಿದೆಯೇ, ಹಿಂಬದಿಯಲ್ಲಿ ಕಾಗದ ತೆಳುವಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ತಜ್ಞರ ಪ್ರಮಾಣಪತ್ರವಿಲ್ಲದೆ ದುಬಾರಿ ಪ್ರತಿಯನ್ನು ಕೊಳ್ಳಬಾರದು.

ಪ್ರದರ್ಶನಕ್ಕೆ ಕಳಿಸುವುದಾದರೆ ಒಂದು ಫ್ರೇಮಿಗೆ (ಹಾಳೆಗಳನ್ನು ಜೋಡಿಸಿಡುವ ಚೌಕಟ್ಟಿಗೆ) ಸಾಮಾನ್ಯವಾಗಿ 16 ಹಾಳೆಗಳು ಬೇಕು; ಮೊದಲ ಹಾಳೆಯಲ್ಲಿ ಶೀರ್ಷಿಕೆಯೂ ಯೋಜನೆಯೂ ಇರಲಿ. ಬಳಸದ ಚೀಟಿಗಳಿಗೆ ಹಿಂಜ್ (ಚೀಟಿಯನ್ನು ಹಾಳೆಗೆ ಅಂಟಿಸುವ ಸಣ್ಣ ಕಾಗದದ ಪಟ್ಟಿ) ಹಚ್ಚಿದರೆ ಹಿಂಬದಿಯ ಗೋಂದು ಹಾಳಾಗುತ್ತದೆ, ಮೌಂಟ್ ಎಂಬ ಪಾರದರ್ಶಕ ಹೊದಿಕೆಯಲ್ಲೇ ಇಡಿ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಆಲ್ಬಂಗಳನ್ನು ಒತ್ತಿ ಮಲಗಿಸದೆ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಜೊತೆಗಿಡಿ.

ಕೊನೆಯ ಹಾಳೆಗಳನ್ನು ಪರಿಣಾಮಕ್ಕೆ ಬಿಡಿ. ರಾಜದ್ರೋಹದ ಆರೋಪ ಹೊತ್ತು ವಿಚಾರಣೆಗೆ ಒಳಗಾದ 13 ಮಂದಿಯೂ 1855ರಲ್ಲಿ ಖುಲಾಸೆಯಾದರು, ಪರವಾನಗಿಯ ಬದಲು ವರ್ಷಕ್ಕೆ ಒಂದು ಪೌಂಡಿನ ಗಣಿಗಾರರ ಹಕ್ಕುಪತ್ರ ಬಂತು, ಕಾಳಗದಲ್ಲಿ ಎಡಗೈ ಕಳೆದುಕೊಂಡ ನಾಯಕ ಪೀಟರ್ ಲೇಲರ್ ಅದೇ ವರ್ಷ ಶಾಸನಸಭೆಗೆ ಬಂದರು. ಮಡಿದವರ ಲೆಕ್ಕ ದಾಖಲೆಗಳಲ್ಲಿ ಒಂದೇ ತೆರನಾಗಿಲ್ಲ. ಗಣಿಗಾರರ ವಿಷಯದಲ್ಲಿ ‘ಕನಿಷ್ಠ 22’ ಎಂದು ಬರೆದು, ಸತ್ತ ಸೈನಿಕರನ್ನೂ ಅದೇ ಹಾಳೆಯಲ್ಲಿ ಉಲ್ಲೇಖಿಸಿ.